ಕರೆಂಟ್ ಹೋದಾಗ ಮನೆಗೆ ಯಾವ ಬ್ಯಾಕಪ್ ಸರಿ? ಕೊಳ್ಳುವ ಮೊದಲು ಹೋಲಿಸಿ ನೋಡಿ

ಬ್ಯಾಕಪ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ಗಂಟೆ ಬರುತ್ತದೆ?" ಅಂತ. ಮಾರುವವರು ಒಂದು ಸಂಖ್ಯೆ ಹೇಳಿಬಿಡುತ್ತಾರೆ. ನಿಮ್ಮ ಮನೆಯಲ್ಲಿ ಏನೇನು ಓಡುತ್ತದೆ ಅಂತ ಗೊತ್ತಿಲ್ಲದೆ ಹೇಳಿದ ಆ ಸಂಖ್ಯೆಯನ್ನು ನಂಬಿ ಕೂರಬೇಡಿ. ಒಂದೇ ಬ್ಯಾಟರಿ ಒಂದು ಮನೆಯಲ್ಲಿ ಆರು ಗಂಟೆ ಬರುತ್ತದೆ, ಪಕ್ಕದ ಮನೆಯಲ್ಲಿ ಮೂರು ಗಂಟೆಯೂ ಬರುವುದಿಲ್ಲ.

ಆಯ್ಕೆ ಮಾಡುವ ಮೊದಲು ಎರಡು ವಿಷಯ ಗೊತ್ತಿರಬೇಕು. ಕರೆಂಟ್ ಇಲ್ಲದಾಗ ನಿಮ್ಮ ಮನೆಯಲ್ಲಿ ಓಡಲೇಬೇಕಾದದ್ದು ಯಾವುದು ಅನ್ನೋದು ಒಂದು. ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು ಇನ್ನೊಂದು. ಬಂದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಆದರೆ ಬ್ಯಾಟರಿಗಳು ಬೇಗ ಸಾಯುವುದು ಬಹುತೇಕ ಅದೇ ಕಾರಣಕ್ಕೆ.

ಮೊದಲು ಮೀಟರ್ ಮುಂದೆ ಎರಡು ನಿಮಿಷ ನಿಲ್ಲಿ

ಡಿಜಿಟಲ್ ಮೀಟರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಾ ಇರುತ್ತದೆ. ಅದರ ಹತ್ತಿರ 3200 ಇಂಪ್/ಕೆಡಬ್ಲ್ಯುಎಚ್ ಎಂಬಂತೆ ಏನೋ ಬರೆದಿರುತ್ತದೆ. ಕೆಲವು ಮೀಟರುಗಳಲ್ಲಿ 1600 ಅಥವಾ 1000 ಇರಬಹುದು. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಅರ್ಥ. ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್, 1000 ವ್ಯಾಟಿನ ವಸ್ತು ಒಂದು ಗಂಟೆ ಓಡಿದಷ್ಟು.

ಈಗ ದೀಪ, ಫ್ಯಾನುಗಳ ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆಯಿರಿ. ಟಿವಿ, ಸೆಟ್‌ಟಾಪ್ ಬಾಕ್ಸನ್ನು ಎಂದಿನಂತೆ ರಿಮೋಟಿನಲ್ಲಿ ಆಫ್ ಮಾಡಿ, ಚಾರ್ಜರ್‌ಗಳನ್ನು ಪ್ಲಗ್ಗಿನಲ್ಲೇ ಹಾಗೇ ಬಿಡಿ. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಅದರ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ಹೊತ್ತು ನೋಡಿಕೊಳ್ಳಿ. ಇಲ್ಲದಿದ್ದರೆ ಚಾರ್ಜಿಂಗ್ ಕೂಡ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿ. ಆ ಸಂಖ್ಯೆಯನ್ನು 60,000 ದಿಂದ ಗುಣಿಸಿ, ಮೀಟರಿನ ಮೇಲೆ ಬರೆದ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ ವ್ಯಾಟ್‌ನಲ್ಲಿರುತ್ತದೆ. 3200 ರ ಮೀಟರಿನಲ್ಲಿ ನಿಮಿಷಕ್ಕೆ 4 ಮಿನುಗು ಅಂದರೆ 75 ವ್ಯಾಟ್. ಒಂದು ಹಳೇ ಸೀಲಿಂಗ್ ಫ್ಯಾನ್ ತಿನ್ನುವಷ್ಟು ಕರೆಂಟು, ಏನೂ ಓಡದೇ ಇರುವಾಗ!

ಆಮೇಲೆ ಒಂದೊಂದೇ ವಸ್ತುವನ್ನು ಹಾಕುತ್ತಾ ಎಣಿಸಿ. ಅರ್ಧ ಗಂಟೆಯಲ್ಲಿ ನಿಮ್ಮ ಮನೆಯ ನಿಜವಾದ ಲೋಡ್ ಪಟ್ಟಿ ಕೈಯಲ್ಲಿರುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ. ಅಲ್ಲಿ ಇಲ್ಲಿ ನೋಡಿದ ಅಂದಾಜು ಪಟ್ಟಿಗಳಿಗಿಂತ ಇದು ಎಷ್ಟೋ ಮೇಲು.

ಅಷ್ಟು ಮಾಡುವ ಪುರುಸೊತ್ತು ಇಲ್ಲದಿದ್ದರೆ ಒಂದು ಅಂದಾಜು ಕೊಡುತ್ತೇನೆ. ಎಲ್‌ಇಡಿ ಬಲ್ಬ್ 9 ವ್ಯಾಟ್, ವೈಫೈ ರೂಟರ್ 10, ಲ್ಯಾಪ್‌ಟಾಪ್ 50 ರಿಂದ 65. ಮಾಮೂಲಿ ಸೀಲಿಂಗ್ ಫ್ಯಾನ್ 75, ಕಡಿಮೆ ಕರೆಂಟ್ ಎಳೆಯುವ ಹೊಸ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30 ರ ಆಸುಪಾಸು. ಚಿಕ್ಕ ಎಲ್‌ಇಡಿ ಟಿವಿ 60. ಫ್ರಿಜ್ ಓಡುವಾಗ 100 ರಿಂದ 200. ಬಿಸಿ ಮಾಡುವ ಯಾವುದೇ ವಸ್ತು ಸಾವಿರದ ಮೇಲೆಯೇ ಅಂತ ಇಟ್ಟುಕೊಳ್ಳಿ: ಇಸ್ತ್ರಿ ಪೆಟ್ಟಿಗೆ 1000, ಇಂಡಕ್ಷನ್ ಒಲೆ 1500 ರಿಂದ 2000, ಗೀಸರ್ 2000 ದಿಂದ 3000. ಬಿಸಿ ಮಾಡುವ ಕೆಲಸವನ್ನು ಬ್ಯಾಟರಿಗೆ ಒಪ್ಪಿಸುವ ಯೋಚನೆಯನ್ನೇ ಬಿಟ್ಟುಬಿಡಿ.

ದೊಡ್ಡ ಬ್ಯಾಟರಿಗಿಂತ ಮೊದಲು ಚಿಕ್ಕ ಲೋಡ್

ಒಂದು ಮನೆಯ ಸಂಜೆ ತೆಗೆದುಕೊಳ್ಳೋಣ. ಎರಡು ಹಳೇ ಫ್ಯಾನ್ 150 ವ್ಯಾಟ್, ನಾಲ್ಕು ಬಲ್ಬ್ 36, ರೂಟರ್ 10, ಎರಡು ಫೋನ್ ಚಾರ್ಜಿಂಗ್ 20, ಟಿವಿ 60. ಒಟ್ಟು 276 ವ್ಯಾಟ್.

ಬ್ಯಾಟರಿ ಮಾಮೂಲಿ ಲೆಡ್ ಆಸಿಡ್ (ಸೀಸ, ಆಮ್ಲದ) ಜಾತಿಯದು, 12 ವೋಲ್ಟ್, 150 ಆಂಪ್ ಅವರ್. ಗುಣಿಸಿದರೆ 1800 ವ್ಯಾಟ್ ಅವರ್. ಆದರೆ ಇದು ಕಾಗದದ ಮೇಲಿನ ಲೆಕ್ಕ. ಲೆಡ್ ಆಸಿಡ್ ಬ್ಯಾಟರಿ ಹೆಚ್ಚು ಕಾಲ ಬಾಳಬೇಕಾದರೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ 900 ಉಳಿಯಿತು. ಇನ್ವರ್ಟರ್ ತಾನೇ ಸುಮಾರು ಶೇಕಡಾ 15 ರಷ್ಟನ್ನು ಬಿಸಿಯಾಗಿ ಕಳೆಯುತ್ತದೆ ಅಂತ ಇಟ್ಟುಕೊಂಡರೆ ನಿಮ್ಮ ಕೈಗೆ ಬರುವುದು 765. ಅದನ್ನು 276 ರಿಂದ ಭಾಗಿಸಿದರೆ ಎರಡೂಮುಕ್ಕಾಲು ಗಂಟೆ.

ಈಗ ಆ ಎರಡು ಫ್ಯಾನುಗಳನ್ನು ಬಿಎಲ್‌ಡಿಸಿಗೆ ಬದಲಾಯಿಸಿ. ಲೋಡ್ 186 ಕ್ಕೆ ಇಳಿಯುತ್ತದೆ. ಅದೇ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಟಿವಿಯನ್ನೂ ಆರಿಸಿದರೆ 126 ವ್ಯಾಟ್, ಆರು ಗಂಟೆ. ಬ್ಯಾಟರಿಯನ್ನು ಮುಟ್ಟದೆಯೇ ಬ್ಯಾಕಪ್ ಎರಡು ಪಟ್ಟಿಗಿಂತ ಜಾಸ್ತಿಯಾಯಿತು.

ನಾನು ಈ ವಿಷಯವನ್ನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ. ಎರಡನೇ ಬ್ಯಾಟರಿಗೆ ಹಣ ಹಾಕುವ ಮೊದಲು ಫ್ಯಾನಿಗೆ ಹಾಕಿ. ಬ್ಯಾಟರಿ ಕೆಲವೇ ವರ್ಷಕ್ಕೆ ಮುದಿಯಾಗುತ್ತದೆ. ಫ್ಯಾನ್ ಮಾತ್ರ ಕರೆಂಟ್ ಇರುವ ದಿನವೂ ನಿಮ್ಮ ಬಿಲ್ ಇಳಿಸುತ್ತಲೇ ಇರುತ್ತದೆ.

ಕರೆಂಟ್ ಹೇಗೆ ಹೋಗುತ್ತದೆ?

ಒಂದೆರಡು ವಾರ ಗಮನಿಸಿ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷ ಹೋಗಿ ಬರುವ ಜಾಗಕ್ಕೆ ದೊಡ್ಡ ವ್ಯವಸ್ಥೆ ಬೇಡ. ರೂಟರಿಗೆ ಒಂದು ಮಿನಿ ಯುಪಿಎಸ್, ಕಂಪ್ಯೂಟರಿಗೊಂದು ಯುಪಿಎಸ್, ಎರಡು ಚಾರ್ಜಿಂಗ್ ಬಲ್ಬ್ ಸಾಕು. ದಿನಕ್ಕೆ ಎರಡು ಮೂರು ಗಂಟೆ ಹೋಗಿ ಉಳಿದ ಹೊತ್ತು ಸರಿಯಾಗಿ ಇರುವ ಕಡೆ ಮಾಮೂಲಿ ಇನ್ವರ್ಟರ್, ಟ್ಯೂಬುಲರ್ ಅನ್ನುವ ಲೆಡ್ ಆಸಿಡ್ ಬ್ಯಾಟರಿ ಚೆನ್ನಾಗಿ ನಡೆಯುತ್ತದೆ. ಗಾಳಿ ಮಳೆಗೆ ಕಂಬ ಬಿದ್ದು ದಿನಗಟ್ಟಲೆ ಕತ್ತಲಾಗುವ ಕಡೆ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಸಾಲದು. ಅಲ್ಲಿ ಬ್ಯಾಟರಿಯನ್ನು ಮತ್ತೆ ತುಂಬಿಸುವ ದಾರಿ ಬೇಕು. ಅದು ಸೋಲಾರ್ ಆಗಬಹುದು, ಜನರೇಟರ್ ಆಗಬಹುದು.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು ಥರ. ಎರಡು ಗಂಟೆ ಇರುತ್ತದೆ, ಮೂರು ಗಂಟೆ ಹೋಗುತ್ತದೆ, ಮತ್ತೆ ಒಂದು ಗಂಟೆ ಬರುತ್ತದೆ. 75 ಆಂಪ್ ಅವರ್ ಖರ್ಚಾದ ಬ್ಯಾಟರಿಗೆ 15 ಆಂಪ್ ಚಾರ್ಜಿಂಗ್ ಕೊಟ್ಟರೆ ಐದು ಗಂಟೆ ಬೇಕು. ಅದೂ ಬರೀ ಲೆಕ್ಕದಲ್ಲಿ. ಲೆಡ್ ಆಸಿಡ್ ಬ್ಯಾಟರಿ ಶೇಕಡಾ 80 ದಾಟಿದ ಮೇಲೆ ಕರೆಂಟನ್ನು ನಿಧಾನವಾಗಿಯೇ ಎಳೆದುಕೊಳ್ಳುತ್ತದೆ. ಪೂರ್ತಿ ತುಂಬಲು ಏಳೆಂಟು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕರೆಂಟ್ ನಿಲ್ಲದಿದ್ದರೆ ಅದು ಪ್ರತಿದಿನ ಅರೆಹೊಟ್ಟೆಯಲ್ಲೇ ಇರುತ್ತದೆ. ಹಾಗೆ ಉಳಿದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಐದು ವರ್ಷ ಬರಬೇಕಿದ್ದ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಡುವುದು ಹೀಗೆ. ಬ್ಯಾಟರಿ ಕಳಪೆ ಅಂತ ಬೈಯುವ ಮೊದಲು ಅದಕ್ಕೆ ತುಂಬಿಕೊಳ್ಳುವಷ್ಟು ಹೊತ್ತು ಸಿಕ್ಕಿತ್ತಾ ಅಂತ ನೋಡಬೇಕು.

ಟ್ಯೂಬುಲರ್ರೋ ಲಿಥಿಯಮ್ಮೋ?

ಲೆಡ್ ಆಸಿಡ್ ತಂತ್ರ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859 ರಲ್ಲಿ ಮಾಡಿದ್ದು. ಇಷ್ಟು ಕಾಲ ಉಳಿದುಕೊಂಡಿದೆ ಅಂದರೆ ಅದರಲ್ಲಿ ಗುಣ ಇದೆ ಅಂತಲೇ ಅರ್ಥ. ಕೊಳ್ಳುವಾಗ ಖರ್ಚು ಕಡಿಮೆ. ರಿಪೇರಿ ಗೊತ್ತಿರುವವರು ಎಲ್ಲ ಕಡೆ ಸಿಗುತ್ತಾರೆ. ಹಳೇ ಬ್ಯಾಟರಿ ವಾಪಸ್ ಕೊಟ್ಟರೆ ಬೆಲೆ ಸಿಗುತ್ತದೆ. ಅದರೊಳಗಿನ ಸೀಸ ಮತ್ತೆ ಬಳಕೆಗೆ ಹೋಗುತ್ತದೆ. ಈ ಜಾತಿಯಲ್ಲಿ ಫ್ಲಾಟ್ ಪ್ಲೇಟ್ ಬೇಡ, ಟ್ಯೂಬುಲರ್ ತೆಗೆದುಕೊಳ್ಳಿ. ಪಾಸಿಟಿವ್ ಕಡೆಯ ವಸ್ತು ಕೊಳವೆಗಳೊಳಗೆ ಇರುವುದರಿಂದ ಪದೇ ಪದೇ ಇಳಿದು ಏರಿದರೂ ಉದುರುವುದು ಕಡಿಮೆ.

ಕೊಳ್ಳುವಾಗ ಲೇಬಲ್ಲಿನಲ್ಲಿ ಒಂದು ಸಣ್ಣ ಅಕ್ಷರ ಹುಡುಕಿ. 150 ಆಂಪ್ ಅವರ್ ಪಕ್ಕದಲ್ಲಿ ಸಿ10 ಅಥವಾ ಸಿ20 ಅಂತ ಇರುತ್ತದೆ. ಸಿ20 ಅಂದರೆ 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ, ಅಂದರೆ ಏಳೂವರೆ ಆಂಪಿನಂತೆ. ಸಿ10 ಅಂದರೆ 10 ಗಂಟೆಯಲ್ಲಿ, ಅಂದರೆ 15 ಆಂಪಿನಂತೆ. ಲೆಡ್ ಆಸಿಡ್ ಬ್ಯಾಟರಿಯಿಂದ ಎಷ್ಟು ವೇಗವಾಗಿ ಎಳೆಯುತ್ತೀರೋ ಅಷ್ಟು ಕಡಿಮೆ ಸಿಗುತ್ತದೆ. ಹಾಗಾಗಿ ಒಂದೇ 150 ಅಂತ ಬರೆದಿದ್ದರೂ ಸಿ10 ಬ್ಯಾಟರಿ ನಿಜದಲ್ಲಿ ದೊಡ್ಡದು. ಮೇಲೆ ಹೇಳಿದ 276 ವ್ಯಾಟ್ ಲೋಡ್ 12 ವೋಲ್ಟಿನ ಬ್ಯಾಟರಿಯಿಂದ 27 ಆಂಪ್ ಎಳೆಯುತ್ತದೆ. ಇದು ಎರಡೂ ಲೆಕ್ಕಕ್ಕಿಂತ ಜಾಸ್ತಿ, ಹಾಗಾಗಿ ಸಿಗುವುದು ಇನ್ನೂ ಕಡಿಮೆ. ಎರಡು ಬ್ಯಾಟರಿ ಹೋಲಿಸುವಾಗ ಆಂಪ್ ಅವರ್ ಜೊತೆಗೆ ತೂಕವನ್ನೂ ಕೇಳಿ. ಒಳಗೆ ಸೀಸ ಎಷ್ಟಿದೆ ಅಂತ ತೂಕವೇ ಹೇಳುತ್ತದೆ.

ನಿರ್ವಹಣೆ ಕಷ್ಟವೇನಲ್ಲ, ಆದರೆ ಮರೆಯಬಾರದು. ಎರಡು ಮೂರು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಲ್ಲಿ ನೀರಿನ ಲವಣಗಳು ಬ್ಯಾಟರಿಯನ್ನು ಕೆಡಿಸುತ್ತವೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಒರೆಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಮುಚ್ಚಿದ ಬೀರುವಿನಲ್ಲಿ, ಮಂಚದ ಕೆಳಗೆ ಈ ಬ್ಯಾಟರಿ ಇಡಲೇಬಾರದು. ಶಾಖವೂ ಇದಕ್ಕೆ ಶತ್ರು. 25 ಡಿಗ್ರಿಯಿಂದ ಮೇಲಕ್ಕೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ಈ ಕೆಲಸದವರ ಹಳೇ ಲೆಕ್ಕ. ಬಿಸಿಲು ಬೀಳುವ ಬಾಲ್ಕನಿ ಅದಕ್ಕೆ ಜಾಗವಲ್ಲ.

ಲಿಥಿಯಂ ವಿಷಯಕ್ಕೆ ಬರೋಣ. ಮನೆಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್. ಲಿಥಿಯಂ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಫೋನ್, ಲ್ಯಾಪ್‌ಟಾಪಿನಲ್ಲಿರುವ ನಿಕ್ಕಲ್, ಕೋಬಾಲ್ಟ್ ಜಾತಿಗಿಂತ ಇದು ಶಾಖವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಬೆಂಕಿ ಹತ್ತುವ ಅಪಾಯ ಕಡಿಮೆ. ಪ್ರತಿ ಸಲ ಶೇಕಡಾ 80, 90 ರಷ್ಟು ಖಾಲಿ ಮಾಡಿದರೂ ಎರಡು ಮೂರು ಸಾವಿರ ಸಲ ಚಾರ್ಜ್ ಆಗುತ್ತದೆ. ನೀರು ಹಾಕುವ ಗೋಜಿಲ್ಲ, ಅನಿಲ ಬರುವುದಿಲ್ಲ, ತೂಕ ಮೂರನೇ ಒಂದು ಭಾಗದಷ್ಟು. ಅರ್ಧ ಚಾರ್ಜಿನಲ್ಲಿ ದಿನಗಟ್ಟಲೆ ಉಳಿದರೂ ಏನೂ ಆಗುವುದಿಲ್ಲ. ಕರೆಂಟ್ ಬಂದು ಹೋಗಿ ಮಾಡುವ ಕಡೆ ಇದೊಂದು ಗುಣವೇ ಸಾಕು ಇದನ್ನು ಆರಿಸಲು.

ಲೆಕ್ಕದಲ್ಲಿ ನೋಡಿ. 12.8 ವೋಲ್ಟ್, 100 ಆಂಪ್ ಅವರ್ ಲಿಥಿಯಂ ಅಂದರೆ 1280 ವ್ಯಾಟ್ ಅವರ್. ಶೇಕಡಾ 90 ಬಳಸಿ, ಇನ್ವರ್ಟರ್ ನಷ್ಟ ಕಳೆದರೆ ಸುಮಾರು 980 ಕೈಗೆ ಬರುತ್ತದೆ. 150 ರ ಲೆಡ್ ಆಸಿಡ್ ಕೊಟ್ಟಿದ್ದು 765. ಚಿಕ್ಕ ಸಂಖ್ಯೆಯ ಬ್ಯಾಟರಿ ಜಾಸ್ತಿ ಕೊಡುತ್ತದೆ. ಹಾಗಾಗಿ ಎರಡರ ಬೆಲೆಯನ್ನು ಆಂಪ್ ಅವರ್ ಮೇಲೆ ಹೋಲಿಸಬೇಡಿ, ಕೈಗೆ ಬರುವ ವ್ಯಾಟ್ ಅವರ್ ಮೇಲೆ ಹೋಲಿಸಿ.

ತೊಡಕುಗಳೂ ಇವೆ. ಹಳೇ ಇನ್ವರ್ಟರಿಗೆ ಸುಮ್ನೆ ಲಿಥಿಯಂ ತಂದು ಜೋಡಿಸಬಾರದು. ಚಾರ್ಜಿಂಗ್ ವೋಲ್ಟೇಜ್ ಬೇರೆ. ಇನ್ವರ್ಟರಿನಲ್ಲಿ ಲಿಥಿಯಂ ಮೋಡ್ ಇರಬೇಕು. ಬ್ಯಾಟರಿಯೊಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಎಷ್ಟು ಆಂಪ್ ತಡೆದುಕೊಳ್ಳುತ್ತದೆ ಅಂತ ಕೇಳಿಕೊಳ್ಳಬೇಕು. ಅದು ಕಡಿಮೆ ಇದ್ದರೆ ಮಿಕ್ಸಿ ಹಾಕಿದ ಕ್ಷಣ ಇಡೀ ಬ್ಯಾಟರಿ ಕಟ್ ಆಗುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಬೇಗ ಚಾರ್ಜ್ ಆಗುತ್ತದೆ ಅನ್ನುವ ಮಾತಿಗೂ ಒಂದು ಷರತ್ತಿದೆ. ಲಿಥಿಯಂ 50 ಆಂಪ್ ತೆಗೆದುಕೊಳ್ಳಲು ತಯಾರಿದ್ದರೂ ಇನ್ವರ್ಟರಿನ ಚಾರ್ಜರ್ ಕೊಡುವುದು 15 ಆಂಪ್ ಆದರೆ ಆರು ಗಂಟೆ ಹಿಡಿಯುತ್ತದೆ. ಚಾರ್ಜರ್ ಎಷ್ಟು ಆಂಪ್ ಅಂತ ಕೇಳದೆ ಲಿಥಿಯಂ ಕೊಂಡರೆ ಅರ್ಧ ಲಾಭ ಅಲ್ಲೇ ಹೋಯಿತು.

ನನ್ನ ತೀರ್ಮಾನ ಇಷ್ಟು. ವಾರಕ್ಕೊಂದು ಸಲ, ಎರಡು ಸಲ ಹೋಗುವ ಕಡೆ ಟ್ಯೂಬುಲರ್ ಸಾಕು. ತುಂಬಿದ ಸ್ಥಿತಿಯಲ್ಲಿ ಕೂತಿರುವುದು ಲೆಡ್ ಆಸಿಡ್‌ಗೆ ಇಷ್ಟ. ಅಂಥ ಮನೆಯಲ್ಲಿ ಲಿಥಿಯಂನ ಸಾವಿರಾರು ಚಾರ್ಜುಗಳಿಗೆ ನೀವು ಕೊಟ್ಟ ಹಣ ಬಳಕೆಗೇ ಬರುವುದಿಲ್ಲ. ದಿನಾ ಹೋಗುವ ಕಡೆ, ಅದರಲ್ಲೂ ದಿನಕ್ಕೆ ಮೂರ್ನಾಲ್ಕು ಸಲ ಹೋಗುವ ಕಡೆ, ಕೈಯಲ್ಲಿ ಹಣ ಹೊಂದುವುದಾದರೆ ಲಿಥಿಯಂ.

ಇನ್ವರ್ಟರ್ ಪೆಟ್ಟಿಗೆಯಲ್ಲಿ ನೋಡಬೇಕಾದದ್ದು

ಹೊರಗಿನ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಮಾತ್ರ ತೆಗೆದುಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಫ್ಯಾನ್ ಗುಂಯ್ ಅನ್ನುತ್ತದೆ, ಮೋಟರುಗಳು ಬಿಸಿಯಾಗುತ್ತವೆ. ಉಳಿಸಿದ ದುಡ್ಡು ಆಮೇಲೆ ರಿಪೇರಿಗೆ ಹೋಗುತ್ತದೆ. ಪೆಟ್ಟಿಗೆಯ ಮೇಲಿನ ವಿಎ ಸಂಖ್ಯೆಯನ್ನು ವ್ಯಾಟ್ ಅಂದುಕೊಳ್ಳಬೇಡಿ. 900 ವಿಎ ಅಂದರೆ ಸುಮಾರು 720 ವ್ಯಾಟ್. ಅದರಲ್ಲೂ ನಿರಂತರವಾಗಿ ಶೇಕಡಾ 70 ಕ್ಕಿಂತ ಜಾಸ್ತಿ ಹೇರದಿದ್ದರೆ ಒಳ್ಳೆಯದು.

ಕೆಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ಮಾಮೂಲಿ ಮೋಡ್ ಅಂತ ಎರಡು ಇರುತ್ತವೆ. ಯುಪಿಎಸ್ ಮೋಡಿನಲ್ಲಿ ಕರೆಂಟ್ ಹೋದದ್ದು ಕಂಪ್ಯೂಟರಿಗೆ ಗೊತ್ತೇ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಆದರೆ ವೋಲ್ಟೇಜ್ ಸ್ವಲ್ಪ ಏರಿಳಿದರೂ ಅದು ಬ್ಯಾಟರಿಗೆ ಹಾರುತ್ತದೆ. ವೋಲ್ಟೇಜ್ ಸರಿಯಿಲ್ಲದ ಕಡೆ ಈ ಮೋಡ್ ಇಟ್ಟರೆ ಕರೆಂಟ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಾ ಇರುತ್ತದೆ. ಅಂಥ ಕಡೆ ಮಾಮೂಲಿ ಮೋಡಿಗೆ ಹಾಕಿ, ಕಂಪ್ಯೂಟರಿಗೆ ಬೇರೆ ಯುಪಿಎಸ್ ಇಡುವುದು ಮೇಲು. ಆ ಚಿಕ್ಕ ಯುಪಿಎಸ್ ಹತ್ತು ಹದಿನೈದು ನಿಮಿಷ ಬರುತ್ತದೆ, ಕೆಲಸ ಉಳಿಸಿ ಆಫ್ ಮಾಡಲು ಅಷ್ಟು ಸಾಕಲ್ವಾ?

ಜನರೇಟರ್: ಬೇಕಾದವರಿಗೆ ಬೇಕೇ ಬೇಕು, ಆದರೆ ಎಚ್ಚರ

ನೀರೆತ್ತುವ ಮೋಟರ್, ದೊಡ್ಡ ಫ್ರಿಜ್, ದಿನಗಟ್ಟಲೆ ಕತ್ತಲು. ಇವಕ್ಕೆ ಜನರೇಟರಿನಷ್ಟು ನೇರವಾದ ಉತ್ತರ ಇನ್ನೊಂದಿಲ್ಲ. ಒಂದು ಎಚ್‌ಪಿ ಮೋಟರ್ ಓಡುವಾಗ ಸುಮಾರು 1000 ವ್ಯಾಟ್ ಎಳೆಯುತ್ತದೆ. ಶುರುವಾಗುವ ಕ್ಷಣ ಅದರ ಮೂರರಿಂದ ಆರು ಪಟ್ಟು ಕೇಳುತ್ತದೆ. ಚಿಕ್ಕ ಇನ್ವರ್ಟರ್ ಅಲ್ಲಿ ಕೈಚೆಲ್ಲುತ್ತದೆ.

ಮಾಮೂಲಿ ಜನರೇಟರ್ ಒಂದು ಬಲ್ಬ್ ಹಾಕಿದರೂ ಹತ್ತು ಫ್ಯಾನ್ ಹಾಕಿದರೂ ಒಂದೇ ವೇಗದಲ್ಲಿ ತಿರುಗಬೇಕು. 50 ಹರ್ಟ್ಸ್ ಬರಬೇಕಾದರೆ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು. ಅದಕ್ಕೇ ಅಷ್ಟು ಸದ್ದು, ಲೋಡ್ ಕಡಿಮೆ ಇದ್ದಾಗಲೂ ಅಷ್ಟು ಇಂಧನ. ಇನ್ವರ್ಟರ್ ಜನರೇಟರ್ ಅನ್ನುವ ಜಾತಿ ಲೋಡಿಗೆ ತಕ್ಕಂತೆ ವೇಗ ಇಳಿಸುತ್ತದೆ. ಬೆಲೆ ಜಾಸ್ತಿ, ಆದರೆ ಮನೆಗೆ ಅದೇ ಸರಿ.

ನನಗೆ ಹೆಚ್ಚು ಹಿಡಿಸಿದ ದಾರಿ ಎರಡನ್ನೂ ಸೇರಿಸುವುದು. ದಿನಕ್ಕೆ ಎರಡು ಗಂಟೆ ಮಾತ್ರ ಜನರೇಟರ್ ಹಾಕಿ. ಆ ಹೊತ್ತಿನಲ್ಲಿ ಟ್ಯಾಂಕಿಗೆ ನೀರು ಏರಿಸಿ, ಫ್ರಿಜ್ ತಣ್ಣಗೆ ಮಾಡಿ, ಬ್ಯಾಟರಿ ಚಾರ್ಜ್ ಮಾಡಿ. ಉಳಿದ ಹೊತ್ತು ಬ್ಯಾಟರಿಯ ಮೇಲೆ ಫ್ಯಾನು, ದೀಪ. ಇಂಧನವೂ ಉಳಿಯುತ್ತದೆ, ರಾತ್ರಿ ನಿದ್ದೆಯೂ ಸಿಗುತ್ತದೆ. ಲಿಥಿಯಂ ಇದ್ದು ಚಾರ್ಜರ್ ದೊಡ್ಡದಿದ್ದರೆ ಈ ಉಪಾಯ ಇನ್ನೂ ಚೆನ್ನಾಗಿ ನಡೆಯುತ್ತದೆ.

ಎಚ್ಚರದ ಮಾತು ಒತ್ತಿ ಹೇಳಬೇಕು. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಮನೆಯೊಳಗೆ, ಗ್ಯಾರೇಜಿನಲ್ಲಿ, ಮುಚ್ಚಿದ ವರಾಂಡದಲ್ಲಿ ಯಾವತ್ತೂ ಹಾಕಬೇಡಿ. ಕಿಟಕಿ ತೆರೆದಿಟ್ಟರೆ ಸಾಕು ಅಂದುಕೊಳ್ಳಬೇಡಿ. ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಆಚೆ ಕಡೆಗೆ ಹೋಗುವಂತೆ ಇಡಬೇಕು. ಬಿಸಿ ಇರುವಾಗ ಪೆಟ್ರೋಲ್ ಹಾಕಬಾರದು.

ಇನ್ನೊಂದು ಅಪಾಯ ನಿಮಗಲ್ಲ, ಬೇರೆಯವರಿಗೆ. ಜನರೇಟರಿನ ವೈರನ್ನು ಗೋಡೆಯ ಪ್ಲಗ್ ಪಾಯಿಂಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಹೊರಗಿನ ತಂತಿಗೂ ಹರಿಯುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣ ಹೋಗುತ್ತದೆ. ಲೈನ್ ಅಥವಾ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗಿಗೆ ಸೇರಿಸಬಾರದು. ಇದರಲ್ಲಿ ರಾಜಿಯೇ ಇಲ್ಲ.

ಬಳಸದೆ ಇಟ್ಟ ಪೆಟ್ರೋಲ್ ಕೆಲವು ತಿಂಗಳಿಗೆ ಹಳಸಿ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ತಿಂಗಳಿಗೊಮ್ಮೆ ಲೋಡ್ ಕೊಟ್ಟು ಸ್ವಲ್ಪ ಹೊತ್ತು ಓಡಿಸಿ.

ಸೋಲಾರ್ ಇದ್ದರೂ ಕತ್ತಲೆ ಯಾಕೆ?

ಛಾವಣಿ ತುಂಬ ಪ್ಯಾನೆಲ್ ಹಾಕಿಸಿದವರು ಮೊದಲ ಸಲ ಕರೆಂಟ್ ಹೋದಾಗ ಬೆಚ್ಚುತ್ತಾರೆ. ಹೊರಗೆ ಉರಿಬಿಸಿಲು, ಒಳಗೆ ಫ್ಯಾನ್ ನಿಂತಿದೆ. ಹೊರಗಿನ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ವ್ಯವಸ್ಥೆ ಇರುವುದೇ ಹಾಗೆ. ಹೊರಗಿನ ಲೈನ್ ಸತ್ತ ಕೂಡಲೇ ಅದು ತಾನಾಗಿ ನಿಲ್ಲಬೇಕು, ಮೇಲೆ ಹೇಳಿದ ಲೈನ್‌ಮ್ಯಾನ್ ಕಾರಣಕ್ಕೇ. ಅದು ಬಿಲ್ ಇಳಿಸುವ ವ್ಯವಸ್ಥೆ, ಬ್ಯಾಕಪ್ ಅಲ್ಲ.

ಕರೆಂಟ್ ಹೋದಾಗಲೂ ಬೇಕಾದರೆ ಲೈನು, ಬ್ಯಾಟರಿ ಎರಡರ ಜೊತೆಯೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಅಥವಾ ಲೈನಿನ ಹಂಗೇ ಇಲ್ಲದ ಪೂರ್ತಿ ಆಫ್‌ಗ್ರಿಡ್. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೇ ಬಿಸಿಲಿನ ದಿನ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ. ನಮ್ಮ 126 ವ್ಯಾಟಿನ ಮನೆಗೆ ಅದು ಹಗಲು ರಾತ್ರಿ ಓಡಿಸುವಷ್ಟಾಯಿತು. ಮೋಡದ ದಿನ ಅದರ ಕಾಲು ಭಾಗವೂ ಬರದೇ ಇರಬಹುದು. ಗಾಳಿ ಮಳೆಗೆ ಕಂಬ ಬೀಳುವ ದಿನಗಳೇ ಮೋಡದ ದಿನಗಳು ಕೂಡ. ಹಾಗಾಗಿ ದಿನಾ ಕರೆಂಟ್ ತೆಗೆಯುವ ಕಡೆಗೆ ಸೋಲಾರ್ ಬಹಳ ಒಳ್ಳೆಯದು, ಬಿರುಗಾಳಿಯ ದಿನಗಳಿಗೆ ಅದೊಂದನ್ನೇ ನಂಬಬಾರದು. ಹೊಸದಾಗಿ ಆನ್‌ಗ್ರಿಡ್ ಹಾಕಿಸುತ್ತಿದ್ದರೆ ಮುಂದೆ ಬ್ಯಾಟರಿ ಸೇರಿಸಬಹುದಾದ ಇನ್ವರ್ಟರನ್ನೇ ಕೇಳಿ ಹಾಕಿಸಿ.

ಚಿಕ್ಕ ಪರಿಹಾರಗಳು

ಬಾಡಿಗೆ ಮನೆಯಲ್ಲಿ ವೈರಿಂಗ್ ಮುಟ್ಟಲಾಗದವರಿಗೆ ಪೋರ್ಟಬಲ್ ಪವರ್ ಸ್ಟೇಷನ್ ಇದೆ. 300 ರಿಂದ 1000 ವ್ಯಾಟ್ ಅವರ್, ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಸಿಗುವ ವ್ಯಾಟ್ ಅವರ್‌ಗೆ ಹೋಲಿಸಿದರೆ ದುಬಾರಿ. ರೂಟರ್ ಒಂದಕ್ಕೇ ಆದರೆ ಮಿನಿ ಯುಪಿಎಸ್ ಸಾಕು. ಅದರ ಮೇಲೆ ಬರೆದ ಮಿಲಿಆಂಪ್ ಅವರ್ ಲೆಕ್ಕ ಒಳಗಿನ 3.7 ವೋಲ್ಟ್ ಸೆಲ್ಲಿನದು. 8800 ಅಂದರೆ ಸುಮಾರು 32 ವ್ಯಾಟ್ ಅವರ್, 10 ವ್ಯಾಟ್ ರೂಟರಿಗೆ ಹೆಚ್ಚೆಂದರೆ ಮೂರು ಗಂಟೆ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಕೊಡಬೇಕು. ಕೆಲವು ಎಲೆಕ್ಟ್ರಿಕ್ ಕಾರುಗಳಿಂದ ಮನೆಯ ವಸ್ತುಗಳಿಗೆ ಕರೆಂಟ್ ತೆಗೆಯಬಹುದು. ಕಾರು ಕೊಳ್ಳುವಾಗ ವಿ2ಎಲ್ ಅನ್ನುವ ಈ ಸೌಲಭ್ಯ ಇದೆಯಾ ಅಂತ ಒಂದು ಮಾತು ಕೇಳಿ.

ಫ್ರಿಜ್, ಉಸಿರು

ಫ್ರಿಜ್ಜಿಗೆ ಬ್ಯಾಕಪ್ ಬೇಕೇ ಅನ್ನೋದು ದೊಡ್ಡ ಖರ್ಚಿನ ಪ್ರಶ್ನೆ. ಬಾಗಿಲು ತೆಗೆಯದಿದ್ದರೆ ಫ್ರಿಜ್ 4 ಗಂಟೆ ತಣ್ಣಗಿರುತ್ತದೆ. ಪೂರ್ತಿ ತುಂಬಿದ ಡೀಪ್ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ಇಟ್ಟರೆ ತಂಪು ಇನ್ನೂ ಹೊತ್ತು ನಿಲ್ಲುತ್ತದೆ. ಎರಡು ಮೂರು ಗಂಟೆ ಕರೆಂಟ್ ಹೋಗುವ ಮನೆಯಲ್ಲಿ ಫ್ರಿಜ್ಜನ್ನು ಇನ್ವರ್ಟರಿಗೆ ಸೇರಿಸುವುದು ಬ್ಯಾಟರಿಗೆ ದಂಡ. ಸೇರಿಸಲೇಬೇಕಾದರೆ ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ ಮೆತ್ತಗೆ ಶುರುವಾಗುತ್ತದೆ. ಹಳೇ ಫ್ರಿಜ್ ಶುರುವಾಗುವಾಗ ಓಡುವ ಲೋಡಿನ ಹಲವು ಪಟ್ಟು ಎಳೆದು ಚಿಕ್ಕ ಇನ್ವರ್ಟರನ್ನು ಟ್ರಿಪ್ ಮಾಡುತ್ತದೆ.

ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲೆ ಇರುವವರಿದ್ದರೆ ಈ ಲೇಖನದ ಉಳಿತಾಯದ ಮಾತೆಲ್ಲ ಪಕ್ಕಕ್ಕಿಡಿ. 5 ಲೀಟರಿನ ಯಂತ್ರ 300 ವ್ಯಾಟ್ ಮೇಲೆ ಎಳೆಯುತ್ತದೆ, ಅದೂ ಎಡೆಬಿಡದೆ. ಅದಕ್ಕೆ ಬೇರೆಯದೇ ಬ್ಯಾಟರಿ ಇರಲಿ, ಮನೆಯ ಟಿವಿ ಫ್ಯಾನುಗಳ ಜೊತೆ ಹಂಚಬೇಡಿ. ಅದರ ಹಿಂದೆ ತುಂಬಿದ ಸಿಲಿಂಡರ್ ಒಂದು ಇರಲೇಬೇಕು. ಸಿಲಿಂಡರಿಗೆ ಬದಲಾಯಿಸುವುದು ಹೇಗೆ ಅಂತ ಮನೆಯ ಎಲ್ಲರೂ ಕಲಿತಿರಬೇಕು, ಅದೂ ಹಗಲಿನಲ್ಲಿ, ಕರೆಂಟ್ ಇರುವಾಗ.

ಜೋಡಿಸುವ ದಿನ

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ವೈರ್ ದಪ್ಪ ಇರಬೇಕು, ಗಿಡ್ಡ ಇರಬೇಕು. 800 ವ್ಯಾಟ್ ಲೋಡಿಗೆ 12 ವೋಲ್ಟಿನ ಕಡೆ 78 ಆಂಪ್ ಹರಿಯುತ್ತದೆ. ನಟ್ಟು ಸ್ವಲ್ಪ ಸಡಿಲವಿದ್ದರೂ ಆ ಜಾಗ ಕಾದು ಕರಗುತ್ತದೆ. ಜೋಡಿಸಿದ ಮೇಲೆ ಬ್ಯಾಟರಿಯ ಮೇಲೆ ಲೋಡ್ ಹಾಕಿ ಹದಿನೈದು ನಿಮಿಷ ಓಡಿಸಿ, ಆಮೇಲೆ ಇನ್ವರ್ಟರ್ ಆರಿಸಿ ಟರ್ಮಿನಲ್ ಹತ್ತಿರದ ವೈರಿನ ಹೊದಿಕೆ ಮುಟ್ಟಿ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಬಿಸಿ ಇದ್ದರೆ ಅವರು ಹೊರಡುವ ಮೊದಲೇ ಬಿಗಿ ಮಾಡಿಸಿಕೊಳ್ಳಿ.

ಇನ್ವರ್ಟರ್ ಲೈನಿಗೆ ಯಾವ ಸ್ವಿಚ್ಚುಗಳು ಸೇರಿವೆ ಅಂತ ಬೋರ್ಡಿನ ಮೇಲೆ ಗುರುತು ಹಾಕಿಸಿ. ಅಡುಗೆಮನೆಯ ದೊಡ್ಡ ಪ್ಲಗ್ ಪಾಯಿಂಟ್ ಆ ಲೈನಿನಲ್ಲಿ ಇರಬಾರದು. ಯಾರೋ ನೆಂಟರು ಬಂದವರು ಗೊತ್ತಿಲ್ಲದೆ ಕೆಟಲ್ ಹಾಕುತ್ತಾರೆ. ಒಂದು ಬಲ್ಬನ್ನು ಮಾತ್ರ ಇನ್ವರ್ಟರ್ ಇಲ್ಲದ ಲೈನಿನಲ್ಲಿ ಉರಿಯಲು ಬಿಡಿ. ಅದು ಹತ್ತಿಕೊಂಡರೆ ಹೊರಗಿನ ಕರೆಂಟ್ ಬಂತು ಅಂತ ಗೊತ್ತಾಗುತ್ತದೆ. ಬಂದ ಕೂಡಲೇ ಫ್ರಿಜ್, ಏಸಿ ಹಾಕಬೇಡಿ. ಮೊದಲ ಕೆಲವು ನಿಮಿಷ ವೋಲ್ಟೇಜ್ ಏರಿಳಿಯುತ್ತಾ ಇರುತ್ತದೆ. ಐದು ನಿಮಿಷ ಕಾದು ಹಾಕಿ, ಮೋಟರನ್ನು ಅದಾದ ಮೇಲೆ.